ನೀರಿಗೆ ಸೋಲುವ ಥರ್ಮಾಕೋಲ್: ಪಿಷ್ಟದ ಫೋಮಿಗೆ ಹೊಟ್ಟು, ನಾರು ಬೆರೆಸಿದರೆ ಏನಾಗುತ್ತದೆ?

ಪಾರ್ಸೆಲ್ ಡಬ್ಬದಲ್ಲಿ ಸಾಮಾನು ಅಲುಗಾಡದಿರಲೆಂದು ತುಂಬುವ ಬೆರಳುದ್ದದ ಹಗುರ ತುಂಡುಗಳಲ್ಲಿ ಎರಡು ಜಾತಿ. ಒಂದು ಪಾಲಿಸ್ಟೈರೀನ್, ಅಂದರೆ ಎಲ್ಲರೂ ಥರ್ಮಾಕೋಲ್ ಎನ್ನುವ ವಸ್ತು. ಇನ್ನೊಂದು ಪಿಷ್ಟದ್ದು. ನೋಟಕ್ಕೆ ಎರಡೂ ಅಣ್ಣತಮ್ಮಂದಿರಂತಿರುತ್ತವೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಬೆರಳ ತುದಿ ಒದ್ದೆ ಮಾಡಿಕೊಂಡು ಮುಟ್ಟಿದರೆ ಸಾಕು. ಥರ್ಮಾಕೋಲಿನ ಮೇಲೆ ನೀರು ಹನಿಯಾಗಿಯೇ ನಿಲ್ಲುತ್ತದೆ, ಜಾರಿಹೋಗುತ್ತದೆ. ಪಿಷ್ಟದ ತುಂಡು ಒದ್ದೆ ತಾಗಿದ ಜಾಗದಲ್ಲೇ ಕುಸಿದು, ಅಂಟಂಟಾಗಿ ಬೆರಳಿಗೆ ಕಚ್ಚಿಕೊಳ್ಳುತ್ತದೆ. ಲೋಟದ ನೀರಿಗೆ ಹಾಕಿ ಕಲಕುತ್ತ ಹೋದರೆ ಸ್ವಲ್ಪ ಹೊತ್ತಿಗೆ ತೆಳ್ಳನೆಯ ಗಂಜಿ.

'ನೋಡಿ, ಎಷ್ಟು ಪರಿಸರಸ್ನೇಹಿ' ಎಂದು ತೋರಿಸಲು ಈ ಪ್ರಯೋಗ ಚೆನ್ನಾಗಿದೆ. ನನಗೆ ಅದರಲ್ಲಿ ಕಾಣುವುದು ಬೇರೆ. ಕಸವಾದ ಮೇಲೆ ಬೇಗ ಮಾಯವಾಗಲಿ ಎಂದು ನಾವು ಬಯಸುವ ಗುಣ ಯಾವುದೋ, ಕಸವಾಗುವ ಮೊದಲೇ ಅದನ್ನು ಕೆಲಸಕ್ಕೆ ಬಾರದಂತೆ ಮಾಡುವ ಗುಣವೂ ಅದೇ. ಪಿಷ್ಟದ ಫೋಮಿನ ಕಥೆಯೆಲ್ಲ ನೀರಿನೊಂದಿಗಿನ ಈ ಜಗಳವೇ. ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ನಾರು ಮುಂತಾದ ಕೃಷಿ ಉಳಿಕೆಗಳನ್ನು ಅದಕ್ಕೆ ಬೆರೆಸುವ ಈಚಿನ ಉತ್ಸಾಹವನ್ನೂ ಆ ಜಗಳದ ನಡುವೆಯೇ ಇಟ್ಟು ನೋಡಬೇಕು. 'ತ್ಯಾಜ್ಯದಿಂದ ಥರ್ಮಾಕೋಲ್' ಎಂಬ ತಲೆಬರಹ ಓದಲು ಹಿತ. ಆದರೆ ಹೊಟ್ಟು ಬೆರೆಸಿದ ಮಾತ್ರಕ್ಕೆ ಪಿಷ್ಟ ಥರ್ಮಾಕೋಲ್ ಆಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ.

ಮೊದಲು ಎದುರಾಳಿಯ ಬಲ ತಿಳಿದಿರಲಿ. ಥರ್ಮಾಕೋಲನ್ನು ಬೈಯುವುದು ಸುಲಭ, ಅದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವುದು ಕಷ್ಟ. ಅದರ ಗಾತ್ರದಲ್ಲಿ ಸುಮಾರು ಶೇ. 98ರಷ್ಟು ಬರಿಯ ಗಾಳಿ. ಪ್ಯಾಕಿಂಗಿಗೆ ಬಳಸುವ ಬಗೆಯು ಒಂದು ಘನ ಮೀಟರಿಗೆ 15ರಿಂದ 30 ಕೆಜಿ ತೂಗುತ್ತದೆ. ಅಷ್ಟೇ ಗಾತ್ರದ ನೀರು 1,000 ಕೆಜಿ. ಪೆಟ್ಟನ್ನು ನುಂಗುತ್ತದೆ, ಶಾಖವನ್ನು ತಡೆಯುತ್ತದೆ, ಮಳೆಗಾಲ ಬೇಸಿಗೆ ಎನ್ನದೆ ಒಂದೇ ಥರ ಇರುತ್ತದೆ. ಅದರ ಶಾಪವೂ ಅಲ್ಲಿಂದಲೇ ಹುಟ್ಟಿದ್ದು. ಗಾಳಿಯನ್ನೇ ಲಾರಿಯಲ್ಲಿ ಹೊತ್ತು ಮರುಬಳಕೆ ಘಟಕಕ್ಕೆ ಸಾಗಿಸುವುದು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಅದು ಗಾಳಿಗೆ ಹಾರಿ, ಮಣಿಮಣಿಯಾಗಿ ಒಡೆದು, ಚರಂಡಿ, ಹೊಳೆ, ಕಡಲು ಸೇರುತ್ತದೆ. ಯುರೋಪಿಯನ್ ಒಕ್ಕೂಟ 2021ರ ಜುಲೈಯಿಂದ ಈ ಫೋಮಿನ ಊಟದ ಡಬ್ಬ, ಲೋಟಗಳನ್ನು ಮಾರುಕಟ್ಟೆಗೆ ಬಿಡದಂತೆ ತಡೆದದ್ದು ಇದೇ ಕಾರಣಕ್ಕೆ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ಹುಡುಕಲೇಬೇಕು. ಹುಡುಕುವವರ ಕಣ್ಣಿಗೆ ಬಿದ್ದವುಗಳಲ್ಲಿ ಪಿಷ್ಟವೂ ಒಂದು.

ಆವಿಯೇ ಶಿಲ್ಪಿ

ಪಿಷ್ಟವೆಂದರೆ ಗಿಡ ತನ್ನ ಮುಂದಿನ ದಿನಗಳಿಗೆಂದು ಕಟ್ಟಿಟ್ಟುಕೊಂಡ ಗ್ಲೂಕೋಸಿನ ಬುತ್ತಿ. ಅದು ಕಣಗಳ ರೂಪದಲ್ಲಿರುತ್ತದೆ. ಅಕ್ಕಿಯದು ಕೆಲವೇ ಮೈಕ್ರೋಮೀಟರಿನ ಕಣ, ಆಲೂಗಡ್ಡೆಯದು 100 ಮೈಕ್ರೋಮೀಟರಿನವರೆಗೂ ಬೆಳೆಯುವ ದಪ್ಪ ಕಣ. ಕಣದೊಳಗೆ ಎರಡು ಬಗೆಯ ಸರಪಳಿ: ನೇರ ಎಳೆಯಂಥ ಅಮೈಲೋಸ್, ಪೊದೆಯಂತೆ ಕವಲೊಡೆದ ಅಮೈಲೋಪೆಕ್ಟಿನ್. ಸಾಮಾನ್ಯವಾಗಿ ಮೊದಲನೆಯದು ಶೇ. 20ರಿಂದ 30, ಉಳಿದದ್ದು ಎರಡನೆಯದು. ಕವಲಿನದು ಚೆನ್ನಾಗಿ ಉಬ್ಬುತ್ತದೆ, ನೇರ ಎಳೆಯದು ಉಬ್ಬಿದ್ದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಯಾವ ಬೆಳೆಯ ಪಿಷ್ಟ ಬೇಕೆಂಬ ಆಯ್ಕೆಯೆಲ್ಲ ಈ ಎರಡರ ಪಾಲಿನ ಲೆಕ್ಕಾಚಾರ.

ಒಣ ಪಿಷ್ಟವನ್ನು ಪ್ಲಾಸ್ಟಿಕ್‌ನಂತೆ ಕಾಯಿಸಿ ಕರಗಿಸಲಾಗದು. ಕರಗುವ ಮೊದಲೇ ಸುಟ್ಟು ಹೋಗುತ್ತದೆ. ನೀರು ಸೇರಿಸಿದರೆ ಕಥೆ ಬದಲು. ಸುಮಾರು 60ರಿಂದ 75 ಡಿಗ್ರಿಯಲ್ಲಿ ಕಣಗಳು ನೀರು ಕುಡಿದು ಉಬ್ಬಿ ಬಿರಿಯುತ್ತವೆ, ಒಳಗಿನ ಸರಪಳಿ ಬಿಚ್ಚಿಕೊಂಡು ಅಂಟಾಗುತ್ತದೆ. ಅಂಟಿಗೆ ಇನ್ನೂ ಶಾಖ ಕೊಟ್ಟರೆ ಅದೇ ನೀರು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಥರ್ಮಾಕೋಲ್ ಉಬ್ಬಿಸಲು ಪೆಂಟೇನ್ ಎಂಬ ಪೆಟ್ರೋಲಿಯಂ ಮೂಲದ, ಬೇಗ ಆವಿಯಾಗುವ ದ್ರವ ಬೇಕು, ಇಲ್ಲಿ ನೀರೇ ಸಾಕು. ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಒಂದೂವರೆ ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ ಎಂಬುದನ್ನು ನೆನೆದರೆ ಆ ಶಕ್ತಿ ಅರ್ಥವಾಗುತ್ತದೆ. ಪಾಪ್‌ಕಾರ್ನ್ ಸಿಡಿಯುವುದೂ ಈ ತತ್ತ್ವದಿಂದಲೇ.

ಕಾರ್ಖಾನೆಯಲ್ಲಿ ಇದಕ್ಕೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಎಕ್ಸ್‌ಟ್ರೂಡರ್. ಉದ್ದನೆಯ ಲೋಹದ ಕೊಳವೆಯೊಳಗೆ ತಿರುಗುವ ತಿರುಪು, ಕೊನೆಯಲ್ಲಿ ಸಣ್ಣ ಕಿಂಡಿ. ಶೇ. 15–20ರಷ್ಟು ತೇವವಿರುವ ಪಿಷ್ಟವನ್ನು ಅದು ಅರೆದು, ಒತ್ತಿ, ಕಾಯಿಸುತ್ತದೆ. ಒಳಗೆ 150 ಡಿಗ್ರಿಯಿದ್ದರೂ ಒತ್ತಡದಿಂದಾಗಿ ನೀರು ಕುದಿಯುವುದಿಲ್ಲ. ಕಿಂಡಿ ದಾಟಿದ ಕ್ಷಣ ಒತ್ತಡ ಇಳಿದು, ನೀರೆಲ್ಲ ಒಮ್ಮೆಲೇ ಆವಿಯಾಗಿ, ಅಂಟು ಹಗ್ಗದಂತೆ ಉಬ್ಬಿಕೊಂಡು ಹೊರಬರುತ್ತದೆ. ಕತ್ತರಿಸಿದರೆ ಪ್ಯಾಕಿಂಗ್ ತುಂಡು ಸಿದ್ಧ. ಅಮೆರಿಕದ ನ್ಯಾಷನಲ್ ಸ್ಟಾರ್ಚ್ ಅಂಡ್ ಕೆಮಿಕಲ್ ಕಂಪನಿ 1989ರಲ್ಲಿ ಪೇಟೆಂಟ್ ಪಡೆದದ್ದು ಈ ವಿಧಾನಕ್ಕೆ. ಅದರಲ್ಲಿ ಬಳಸಿದ್ದು ಅಮೈಲೋಸ್ ಶೇ. 45ಕ್ಕಿಂತ ಕಡಿಮೆಯಿಲ್ಲದ ವಿಶೇಷ ಪಿಷ್ಟ. ಸಾಮಾನ್ಯ ಪಿಷ್ಟದ ತುಂಡುಗಳು ಒತ್ತಿದರೆ ಪುಡಿಯಾಗುತ್ತವೆ, ಇವು ಒತ್ತಿದರೂ ಮತ್ತೆ ಪುಟಿದೇಳುತ್ತವೆ.

ಎರಡನೆಯದು ಅಚ್ಚಿನಲ್ಲಿ ಬೇಯಿಸುವುದು. ಐಸ್‌ಕ್ರೀಮ್ ಕೋನು, ವೇಫರ್ ಮಾಡುವ ಯಂತ್ರಗಳಿಂದ ಬಂದ ವಿದ್ಯೆ ಇದು. ತಟ್ಟೆ, ಬಟ್ಟಲು, ಟ್ರೇಗಳಿಗೆ ಇದೇ ದಾರಿ. ಕೃಷಿ ಉಳಿಕೆ ಬೆರೆಸುವ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದೂ ಇಲ್ಲಿಯೇ. ಪಿಷ್ಟ, ಹೆಚ್ಚುಕಮ್ಮಿ ಅಷ್ಟೇ ತೂಕದ ನೀರು, ಕಣಗಳು ತಳಕ್ಕೆ ಇಳಿಯದಿರಲೆಂದು ಚೂರು ಗೋರಿಕಾಯಿ ಬೀಜದ ಗೋಂದು, ಅಚ್ಚಿಗೆ ಹಿಡಿಯದಿರಲೆಂದು ಮೆಗ್ನೀಷಿಯಂ ಸ್ಟಿಯರೇಟ್. ಕಲಸಿದರೆ ಸುರಿಯುವ ಹದದ ಹಿಟ್ಟು. 200 ಡಿಗ್ರಿಯ ಆಸುಪಾಸಿಗೆ ಕಾದ ಎರಡು ಹೋಳಿನ ಲೋಹದ ಅಚ್ಚಿನ ನಡುವೆ ಒಂದು ಸೌಟಿನಷ್ಟು ಹಾಕುತ್ತಾರೆ. ಹಿಟ್ಟು ಅಚ್ಚಿನ ಸ್ವಲ್ಪ ಭಾಗವನ್ನಷ್ಟೇ ಮುಚ್ಚಿರುತ್ತದೆ. ಮೇಲಿನ ಹೋಳು ಇಳಿದು ಬಿಗಿಯಾದ ಕೂಡಲೇ ಅಂಚಿನ ಸೀಳುಗಳಿಂದ ಆವಿ ಭುಸುಗುಡುತ್ತ ಹೊರಡುತ್ತದೆ. ಒಳಗಿನ ಹಿಟ್ಟು ಆ ಆವಿಯ ಬಲದಿಂದಲೇ ಮೂಲೆಮೂಲೆಗೆ ಹಬ್ಬಿ ಅಚ್ಚನ್ನು ತುಂಬುತ್ತದೆ. ಎರಡು ಮೂರು ನಿಮಿಷದಲ್ಲಿ ಭುಸುಗುಡುವುದು ತಗ್ಗಿದರೆ ನೀರು ಮುಗಿಯುತ್ತ ಬಂತೆಂದು ಅರ್ಥ. ಬೇಗ ತೆರೆದರೆ ಒಳಗೆ ಉಳಿದ ಆವಿ ಟ್ರೇಯನ್ನು ಉಬ್ಬಿಸಿ ಸೀಳುತ್ತದೆ, ತಡವಾದರೆ ಅಂಚು ಕರಕಲು.

ಆ ಟ್ರೇಯನ್ನು ಮುರಿದು ಅಡ್ಡಸೀಳನ್ನು ಭೂತಗನ್ನಡಿಯಲ್ಲಿ ನೋಡಿದರೆ ನಡೆದದ್ದೆಲ್ಲ ಅಲ್ಲಿ ಬರೆದಿಟ್ಟಂತಿರುತ್ತದೆ. ಬಿಸಿ ಲೋಹಕ್ಕೆ ತಾಗಿದ ಎರಡು ಮೈಗಳಲ್ಲಿ ತೆಳುವಾದ, ಒತ್ತಾದ ಚರ್ಮ. ಅಲ್ಲಿ ಹಿಟ್ಟು ಉಬ್ಬಲು ಪುರಸೊತ್ತಿಲ್ಲದೆ ಒಣಗಿಬಿಟ್ಟಿದೆ. ನಡುವೆ ದೊಡ್ಡ ದೊಡ್ಡ ಕೋಣೆಗಳು, ಒಂದಕ್ಕೊಂದು ಬಾಗಿಲು ತೆರೆದುಕೊಂಡವು. ಅಲ್ಲಿಂದಲೇ ಆವಿ ಓಡಿಹೋದದ್ದು. ಇಡೀ ಟ್ರೇಯ ಗಟ್ಟಿತನ ನಿಂತಿರುವುದು ಆ ತೆಳು ಚರ್ಮದ ಮೇಲೆ. ಥರ್ಮಾಕೋಲಿನ ಮುಚ್ಚಿದ ಸಣ್ಣ ಗೂಡುಗಳಿಗೂ ಇದಕ್ಕೂ ಅಜಗಜಾಂತರ. ತೂಕವೂ ಹಾಗೆಯೇ: ಬೇಯಿಸಿದ ಪಿಷ್ಟದ ಫೋಮು ಘನ ಮೀಟರಿಗೆ 100ರಿಂದ 250 ಕೆಜಿ. 'ಅದರಷ್ಟೇ ಹಗುರ' ಎಂಬ ಜಾಹೀರಾತಿನ ಮಾತನ್ನು ಯಾರಾದರೂ ಆಡಿದರೆ ಈ ಅಂಕಿ ನೆನಪಿರಲಿ.

ಹೊಟ್ಟು, ನಾರು, ಸಿಪ್ಪೆ: ಸೇರಿದ ಮೇಲೆ

ಇಷ್ಟರಲ್ಲಿ ಕೃಷಿ ಉಳಿಕೆಗಳಿಗೇನು ಕೆಲಸ? ಖರ್ಚು ಇಳಿಸುವುದಕ್ಕೆ ಎನ್ನುವುದು ಸಾಮಾನ್ಯ ಉತ್ತರ. ನಿಜವಾದ ಕಾರಣ ಅದಕ್ಕಿಂತ ಚಂದ. ಪಿಷ್ಟವೂ ಗ್ಲೂಕೋಸಿನ ಸರಪಳಿ, ನಾರಿನ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರಪಳಿ. ವ್ಯತ್ಯಾಸ ಕೊಂಡಿ ತಿರುಗಿದ ದಿಕ್ಕಿನಲ್ಲಿ ಮಾತ್ರ. ಒಂದು ದಿಕ್ಕಿಗೆ ತಿರುಗಿದರೆ ಸುಲಭವಾಗಿ ಜೀರ್ಣವಾಗುವ ಪಿಷ್ಟ, ಇನ್ನೊಂದು ದಿಕ್ಕಿಗೆ ತಿರುಗಿದರೆ ನಮ್ಮ ಹೊಟ್ಟೆಗೆ ದಕ್ಕದ, ಮರವನ್ನೇ ನಿಲ್ಲಿಸುವ ನಾರು. ಎರಡಕ್ಕೂ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ-ಜಲಜನಕದ ಜೋಡಿಗಳು, ಇರುವುದರಿಂದ ಹೈಡ್ರೋಜನ್ ಬಂಧದ ಮೂಲಕ ತಾವಾಗಿ ಬೆಸೆದುಕೊಳ್ಳುತ್ತವೆ. ಇದೇ ನಾರನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಸೇರಿಸಬೇಕಾದರೆ ನಡುವೆ ದಲ್ಲಾಳಿಯಂತೆ ಒಂದು ರಾಸಾಯನಿಕ ಬೇಕು, ಇಲ್ಲದಿದ್ದರೆ ಎಣ್ಣೆ ನೀರಿನಂತೆ ಬೇರೆ ಬೇರೆ. ಪಿಷ್ಟದೊಂದಿಗೆ ಅಂಥ ಮಧ್ಯಸ್ಥಿಕೆ ಬೇಕಿಲ್ಲ, ಮೊದಲಿನಿಂದಲೇ ಒಂದೇ ಕುಲ.

ಪಿಷ್ಟದ ಫೋಮು ಒಣಗಿದಾಗ ಪೆಡಸು, ಬಿದ್ದರೆ ಚೂರು. ಗೂಡಿನ ಗೋಡೆಯೊಳಗೆ ನಾರಿನ ಎಳೆ ಹಾದುಹೋಗಿದ್ದರೆ ಬಿರುಕು ಅಲ್ಲಿಗೆ ಬಂದು ತಡೆಯುತ್ತದೆ, ಎಳೆಯನ್ನು ಎಳೆದು ಹೊರತೆಗೆಯದೆ ಮುಂದೆ ಹೋಗಲಾಗದು. ಮರಗೆಣಸಿನ ಪಿಷ್ಟಕ್ಕೆ ಸೆಣಬು ಮತ್ತು ಅಗಸೆಯ ನಾರು ಬೆರೆಸಿ ಬೇಯಿಸಿದ ಥೈಲ್ಯಾಂಡಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಶೇ. 5ರಿಂದ 10ರಷ್ಟು ನಾರು ಬಾಗುವ ಬಲವನ್ನು ಎದ್ದುಕಾಣುವಷ್ಟು ಹೆಚ್ಚಿಸಿತ್ತು. ಆಮೇಲೆ ಕಬ್ಬಿನ ಸಿಪ್ಪೆ, ಬಿಯರ್ ತಯಾರಿಕೆಯಲ್ಲಿ ಉಳಿದ ಮಾಲ್ಟ್ ಹಿಪ್ಪೆ, ಎಳ್ಳಿನ ಹಿಂಡಿ, ಗೋಧಿ ಹುಲ್ಲು, ಆಸ್ಪರಾಗಸ್ ತರಕಾರಿಯ ಸಿಪ್ಪೆ ಎಲ್ಲವೂ ಒಂದಲ್ಲ ಒಂದು ದೇಶದ ಪ್ರಯೋಗಾಲಯದಲ್ಲಿ ಅಚ್ಚಿಗೆ ಬಿದ್ದಿವೆ.

ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಗೂಡಿನ ಗೋಡೆ ತೀರ ತೆಳು. ಅದಕ್ಕಿಂತ ದಪ್ಪನೆಯ ಹೊಟ್ಟಿನ ಚೂರು ಸೇರಿದರೆ ಅದು ಗೋಡೆಯನ್ನು ಬಲಪಡಿಸುವುದಿಲ್ಲ, ಚುಚ್ಚಿ ತೂತು ಮಾಡುತ್ತದೆ. ಆ ತೂತಿನಿಂದ ಆವಿ ಸೋರಿ ಗುಳ್ಳೆ ಬೆಳೆಯುವ ಮೊದಲೇ ಕುಸಿಯುತ್ತದೆ, ಫೋಮು ಭಾರವಾಗುತ್ತದೆ. ನುಣ್ಣಗೆ ಬೀಸಿದ ಪುಡಿಯ ವರ್ತನೆ ಇದಕ್ಕೆ ತಿರುಗುಮುರುಗು. ಪ್ರತಿ ಕಣವೂ ಒಂದೊಂದು ಗುಳ್ಳೆ ಹುಟ್ಟಲು ನೆಲೆಯಾಗಿ, ಕೆಲವೇ ದೊಡ್ಡ ಕೋಣೆಗಳ ಬದಲು ಒಂದೇ ಸಮನಾದ ಸಣ್ಣ ಗೂಡುಗಳು ಏಳುತ್ತವೆ. ಆದರೆ ಅಷ್ಟು ನುಣುಪಾದ ಮೇಲೆ ಅದು ನಾರಾಗಿ ಉಳಿಯುವುದಿಲ್ಲ, ಬಿರುಕು ತಡೆಯುವ ಉದ್ದವನ್ನೇ ಕಳೆದುಕೊಂಡಿರುತ್ತದೆ. ಗಿರಣಿಯಲ್ಲಿ ಎಷ್ಟು ಬೀಸಬೇಕೆಂಬ ಸಾಮಾನ್ಯ ಪ್ರಶ್ನೆಯೇ ಇಲ್ಲಿ ಅರ್ಧ ಎಂಜಿನಿಯರಿಂಗು.

ಇನ್ನೊಂದು ತೊಡಕನ್ನು ಸಂಶೋಧನಾ ಪ್ರಬಂಧಗಳು ಒಂದು ಸಾಲಿನಲ್ಲಿ ಹೇಳಿ ದಾಟಿಬಿಡುತ್ತವೆ. ಒಣ ನಾರು ನೀರು ಹೀರುತ್ತದೆ. ಹಿಟ್ಟು ಗಟ್ಟಿಯಾಗಿ ಅಚ್ಚಿನಲ್ಲಿ ಹರಿಯದೆ ನಿಲ್ಲುತ್ತದೆ. ಹರಿಯಲೆಂದು ಇನ್ನಷ್ಟು ನೀರು ಹಾಕಬೇಕು, ಹಾಕಿದ ಪ್ರತಿ ಹನಿಯನ್ನೂ ಮತ್ತೆ ಆವಿ ಮಾಡಿ ಓಡಿಸಬೇಕು. ಒಂದು ಕೆಜಿ ನೀರನ್ನು ಕೋಣೆಯ ತಾಪದಿಂದ ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್, ಅಂದರೆ ಮುಕ್ಕಾಲು ಯೂನಿಟ್ಟಿಗೆ ಹತ್ತಿರ ವಿದ್ಯುತ್ತಿನಷ್ಟು ಶಾಖ ಬೇಕು. ಅಚ್ಚಿನಿಂದ ಸೋರುವ ಶಾಖ ಅದರ ಮೇಲೆ. ಒಂದು ಕೆಜಿ ಪಿಷ್ಟಕ್ಕೆ ಒಂದು ಕೆಜಿಗಿಂತ ಹೆಚ್ಚು ನೀರು ಬೇಕಾದ ಪಾಕಕ್ಕೂ, ಶೇ. 15–20 ತೇವದಲ್ಲೇ ಕೆಲಸ ಮುಗಿಸುವ ಎಕ್ಸ್‌ಟ್ರೂಡರಿಗೂ ಇಲ್ಲಿ ದೊಡ್ಡ ಅಂತರ ಬೀಳುತ್ತದೆ. ಬಿಟ್ಟಿ ಬಂದ ಹೊಟ್ಟಿನಿಂದ ಉಳಿದ ದುಡ್ಡು ಬೆಂಕಿಗೆ ಹೋಗುತ್ತದೆಯೇ ಎಂದು ನೋಡದೆ 'ಅಗ್ಗ' ಎನ್ನುವುದು ಅರ್ಧ ಲೆಕ್ಕ.

'ಬಿಟ್ಟಿ' ಎಂಬ ಮಾತೂ ಸರಿಯಲ್ಲ. ಕೃಷಿ ತ್ಯಾಜ್ಯ ಎಂಬ ಹೆಸರೇ ದೂರದಲ್ಲಿ ಕೂತವರು ಇಟ್ಟದ್ದು ಎಂಬುದು ನನ್ನ ಅನುಮಾನ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಉರುವಲು. ಅದನ್ನು ಕಿತ್ತುಕೊಂಡರೆ ಆ ಬಾಯ್ಲರಿಗೆ ಬೇರೇನನ್ನೋ ಸುರಿಯಬೇಕು, ಅದು ಕಲ್ಲಿದ್ದಲಾದರೆ ಪರಿಸರದ ಲಾಭವೆಲ್ಲ ಅಲ್ಲೇ ಕರಗಿತು. ಮಾಲ್ಟ್ ಹಿಪ್ಪೆ, ಎಣ್ಣೆಬೀಜದ ಹಿಂಡಿ ದನಗಳ ಮೇವು. ಹುಲ್ಲು ಮಣ್ಣಿಗೆ ಮರಳಿದರೆ ಗೊಬ್ಬರ. ನಿಜಕ್ಕೂ ಬೇಡವಾಗಿ ಹೊಲದಲ್ಲೇ ಸುಡುವ ಉಳಿಕೆಗಳಿವೆ, ನಿಜ. ಆದರೆ ಅವು ಚದುರಿ ಬಿದ್ದಿರುತ್ತವೆ, ವರ್ಷದಲ್ಲಿ ಕೆಲವೇ ವಾರ ಸಿಗುತ್ತವೆ, ಒಟ್ಟು ಮಾಡಿ ಒಣಗಿಸಿ ಕೂಡಿಡುವ ಖರ್ಚು ಅವುಗಳ ಬೆನ್ನಿಗೇ ಬರುತ್ತದೆ.

ಒಂದೊಂದಕ್ಕೆ ಒಂದೊಂದು ಸ್ವಭಾವ ಬೇರೆ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಹೊಟ್ಟು, ಹೊಟ್ಟಿನ ತೂಕದಲ್ಲಿ ಸುಮಾರು ಶೇ. 15ರಿಂದ 20 ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಅಂದರೆ ಮರಳಿನ ನೆಂಟ. ಎಕ್ಸ್‌ಟ್ರೂಡರಿನ ತಿರುಪಿಗೆ, ಕಿಂಡಿಗೆ ಅದು ಉಜ್ಜುಕಾಗದವಿದ್ದಂತೆ, ಮೆಲ್ಲಗೆ ಸವೆಸುತ್ತದೆ. ಹೊಟ್ಟಿನ ಹೊರಮೈ ಮೇಣದಂತಿರುವುದರಿಂದ ಪಿಷ್ಟ ಅದನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಕುಲ ಒಂದೇ ಎಂದ ಮಾತಿಗೆ ಇದೊಂದು ಅಪವಾದ. ತೆಂಗಿನ ನಾರಿನಲ್ಲಿ ಲಿಗ್ನಿನ್, ಅಂದರೆ ಮರಕ್ಕೆ ಗಡಸುತನ ಕೊಡುವ ಪದಾರ್ಥ, ಹೇರಳ. ಅದು ನೀರನ್ನು ದೂರವಿಡುತ್ತದೆ, ಕೊಳೆಯುವುದನ್ನೂ ನಿಧಾನ ಮಾಡುತ್ತದೆ. ಹಸಿ ಮಾಲ್ಟ್ ಹಿಪ್ಪೆಯ ಮುಕ್ಕಾಲು ಭಾಗ ನೀರೇ, ಕೆಲವೇ ದಿನದಲ್ಲಿ ಹುಳಿತು ನಾರುತ್ತದೆ. ಅದರ ಪ್ರೋಟೀನು ಬಿಸಿ ಅಚ್ಚಿನಲ್ಲಿ ಕಂದು ಬಣ್ಣ ತಳೆಯುತ್ತದೆ. ಹಿಂಡಿಯಲ್ಲಿ ಉಳಿದ ಎಣ್ಣೆ ಒಂದು ಮಟ್ಟದವರೆಗೆ ನೀರಿಗೆ ತಡೆ, ಅತಿಯಾದರೆ ಪಿಷ್ಟದ ಹಿಡಿತವನ್ನೇ ಸಡಿಲಿಸುತ್ತದೆ. ಒಂದೇ ಹೊಲದ ಉಳಿಕೆಯೂ ಈ ಹಂಗಾಮಿನಂತೆ ಮುಂದಿನ ಹಂಗಾಮಿನಲ್ಲಿ ಇರುವುದಿಲ್ಲ. ದಿನಕ್ಕೆ ಸಾವಿರಗಟ್ಟಲೆ ಟ್ರೇ ತೆಗೆಯಬೇಕಾದ ಅಚ್ಚಿನ ಮುಂದೆ ನಿಂತವನಿಗೆ ಈ ಏರುಪೇರು ಎಲ್ಲಕ್ಕಿಂತ ದೊಡ್ಡ ತಲೆನೋವು.

ಗಾಳಿಯ ತೇವ ಸಾಕು

ಲೋಟದ ನೀರಿನ ಮಾತು ಬಿಡಿ. ಪಿಷ್ಟದ ಫೋಮಿನ ನಿಜವಾದ ಪರೀಕ್ಷೆ ಗೋದಾಮಿನ ಗಾಳಿಯಲ್ಲೇ ಶುರುವಾಗುತ್ತದೆ. ಅಚ್ಚಿನಿಂದ ಬಂದಾಗ ಟ್ರೇಯಲ್ಲಿ ತೇವ ಕೆಲವೇ ಶೇಕಡ. ಆಗ ಅದು ಗಾಜಿನಂತೆ, ಮುಟ್ಟಿದರೆ ಮುರಿಯುವ ಹಾಗೆ. ಅದಕ್ಕೇ ತೇವದ ಕೋಣೆಯಲ್ಲಿಟ್ಟು ಹದ ಮಾಡುತ್ತಾರೆ. ಶೇ. 10ರ ಆಸುಪಾಸು ತೇವ ಕುಡಿದರೆ ಸ್ವಲ್ಪ ಬಾಗುವ ಗುಣ ಬರುತ್ತದೆ. ತೇವ ಇನ್ನೂ ಏರುತ್ತ ಶೇ. 20 ದಾಟಿದರೆ ಪಿಷ್ಟವು ಗಾಜಿನ ಸ್ಥಿತಿ ಬಿಟ್ಟು ರಬ್ಬರಿನ ಸ್ಥಿತಿಗೆ ಜಾರುವ ತಾಪ ಕೋಣೆಯ ತಾಪದವರೆಗೂ ಇಳಿದುಬಿಡುತ್ತದೆ. ಗೋಡೆಗಳು ಮೆತ್ತಗಾಗಿ, ಗೂಡುಗಳು ಕುಗ್ಗಿ, ಟ್ರೇ ಸೊಟ್ಟಗಾಗುತ್ತದೆ. ಒಣ ಹವೆಯಲ್ಲಿ ಒಡೆಯುವ, ಜಡಿಮಳೆಯ ಹವೆಯಲ್ಲಿ ಜೋಲುವ ವಸ್ತುವದು. ಸರಿಯಾಗಿ ಬದುಕಲು ನಡುವೆ ಒಂದು ಕಿರಿದಾದ ಪಟ್ಟಿ ಮಾತ್ರ. ಸಾಲದ್ದಕ್ಕೆ, ಇಟ್ಟಲ್ಲೇ ದಿನ ಕಳೆದಂತೆ ಸರಪಳಿಗಳು ಮತ್ತೆ ಒಂದಕ್ಕೊಂದು ಒತ್ತಿಕೊಂಡು ಪೆಡಸಾಗುತ್ತವೆ. ಬ್ರೆಡ್ಡು ಹಳಸಿ ಗಟ್ಟಿಯಾಗುವುದೂ ಹೀಗೆಯೇ. ಇಲಿ, ಹುಳುಗಳಿಗೂ ಇದು ಬರೀ ಪ್ಯಾಕಿಂಗ್ ಅಲ್ಲ, ಊಟ.

ನಾರು ಬೆರೆಸಿದರೆ ಈ ಪಟ್ಟಿ ಸ್ವಲ್ಪ ಅಗಲವಾಗುತ್ತದೆ. ಹರಳುಗಟ್ಟಿದ ಸೆಲ್ಯುಲೋಸ್ ಪಿಷ್ಟದಷ್ಟು ನೀರು ಕುಡಿಯುವುದಿಲ್ಲ, ಲಿಗ್ನಿನ್ ಇನ್ನೂ ಕಡಿಮೆ. ಆದರೆ ಅದು ನೀರು ಏರುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಏರದಂತೆ ಮಾಡುವುದಿಲ್ಲ. ನಾರಿಗೂ ಪಿಷ್ಟಕ್ಕೂ ನಡುವೆ ಸಂದು ಉಳಿದಿದ್ದರೆ ಆ ಸಂದೇ ಬತ್ತಿಯಾಗಿ ನೀರನ್ನು ಒಳಗೆಳೆಯುವುದೂ ಉಂಟು.

ಹಾಗಾಗಿ ಪ್ರತಿಯೊಬ್ಬರೂ ಕೊನೆಗೆ ಬರುವುದು ಲೇಪನಕ್ಕೆ ಅಥವಾ ಬೆರಕೆಗೆ. ಪಾಲಿವಿನೈಲ್ ಆಲ್ಕೋಹಾಲ್ ಎಂಬ, ನೀರಿನಲ್ಲಿ ಕರಗುವ ಪ್ಲಾಸ್ಟಿಕ್ಕನ್ನು ಸೇರಿಸಿದರೆ ಬಾಗುವ ಗುಣ, ತೇವ ತಾಳುವ ಗುಣ ಎರಡೂ ಸುಧಾರಿಸುತ್ತವೆ. ಆದರೆ ಅದನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳು ಎಲ್ಲ ಮಣ್ಣಿನಲ್ಲೂ ಇರುವುದಿಲ್ಲ. ಪಿಷ್ಟವನ್ನೇ ಅಸಿಟೈಲೀಕರಣದಿಂದ, ಅಂದರೆ ಅದರ ಹೈಡ್ರಾಕ್ಸಿಲ್ ಗುಂಪುಗಳಿಗೆ ಅಸಿಟೈಲ್ ಗುಂಪು ಅಂಟಿಸಿ, ಬದಲಿಸಿದರೆ ನೀರು ಅಷ್ಟಾಗಿ ಹತ್ತುವುದಿಲ್ಲ. ಬದಲಾವಣೆ ಹೆಚ್ಚಾದಷ್ಟೂ ಅದನ್ನು ಕತ್ತರಿಸುವ ಕಿಣ್ವಕ್ಕೆ ತನ್ನ ಆಹಾರದ ಗುರುತೇ ಸಿಗುವುದಿಲ್ಲ. ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ಕಿನ ಹಾಳೆ ಹಚ್ಚಿದರೆ ಟ್ರೇ ಸಾರು ತಾಳುತ್ತದೆ; ಆದರೆ ಪಿಎಲ್‌ಎ ಚೆನ್ನಾಗಿ ಕೊಳೆಯಲು 58 ಡಿಗ್ರಿಯಷ್ಟು ಬಿಸಿಯಿರುವ ಕೈಗಾರಿಕಾ ಕಾಂಪೋಸ್ಟ್ ರಾಶಿ ಬೇಕು, ಹಿತ್ತಿಲ ಗುಂಡಿಯಲ್ಲಿ ಅದು ಹಾಗೇ ಕೂತಿರುತ್ತದೆ. ನೀರನ್ನು ಗೆಲ್ಲುವ ಒಂದೊಂದು ಹೆಜ್ಜೆಯೂ ಕೊಳೆಯುವ ಗುಣದಿಂದ ಒಂದು ಪಾಲು ಕಿತ್ತುಕೊಳ್ಳುತ್ತದೆ. ಇದು ಕೌಶಲ ಸಾಲದ್ದರ ಸಮಸ್ಯೆಯಲ್ಲ. ಸೂಕ್ಷ್ಮಜೀವಿ ಪಿಷ್ಟವನ್ನು ತಿನ್ನುವುದೇ ನೀರಿನ ಮೂಲಕ, ನೀರು ಹೋಗದ ಕಡೆ ಅದೂ ಹೋಗಲಾರದು.

ಹಿಂದೆ ಎರಡು ಸಲ ಇಂಥ ಕಡೆ ಎಡವಿದ್ದುಂಟು. 1980ರ ದಶಕದಲ್ಲಿ ಪಾಲಿಥೀನಿಗೆ ಒಂದಿಷ್ಟು ಪಿಷ್ಟ ಬೆರೆಸಿ 'ಕೊಳೆಯುವ ಚೀಲ' ಎಂದು ಮಾರಿದರು. ಮಣ್ಣಿನಲ್ಲಿ ಪಿಷ್ಟ ಹೋಯಿತು, ತೂತುತೂತಾದ ಪ್ಲಾಸ್ಟಿಕ್ ಚೂರುಗಳು ಉಳಿದವು. ಎರಡನೆಯದು ತೀರ ಈಚಿನದು. ಕಬ್ಬಿನ ಸಿಪ್ಪೆ ಮುಂತಾದ ನಾರಿನಿಂದ ಒತ್ತಿದ ಬಟ್ಟಲುಗಳು ಎಣ್ಣೆ ಹೀರದಿರಲೆಂದು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಬಳಸುತ್ತಿದ್ದದ್ದು ಬೆಳಕಿಗೆ ಬಂತು. ನಿಸರ್ಗದಲ್ಲಿ ಒಡೆಯದೆ ಉಳಿಯುವುದಕ್ಕೇ ಕುಖ್ಯಾತವಾದ ಗುಂಪು ಅದು. ಕಾಂಪೋಸ್ಟಿಗೆಂದು ಮಾಡಿದ ಬಟ್ಟಲೇ ಅದನ್ನು ಗೊಬ್ಬರಕ್ಕೆ ಸಾಗಿಸುವ ವಾಹನವಾಗಿತ್ತು. ಆಹಾರದ ಪ್ಯಾಕಿಂಗಿಗೆ ಎಣ್ಣೆ ತಡೆಯಲು ಬಳಸುತ್ತಿದ್ದ ಇಂಥ ಪದಾರ್ಥಗಳು ಇನ್ನು ಅಲ್ಲಿ ಮಾರಾಟವಾಗುತ್ತಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಪ್ರಕಟಿಸಿದ್ದು 2024ರ ಫೆಬ್ರವರಿಯಲ್ಲಿ. ಎರಡು ಸಲವೂ ತೊಡಕು ಬಂದದ್ದು ಪಿಷ್ಟದಿಂದಲ್ಲ, ನಾರಿನಿಂದಲೂ ಅಲ್ಲ, ಜೊತೆಗೆ ಸೇರಿದ ಮೂರನೆಯವನಿಂದ.

ಸೋಲಿಗೂ ಒಂದು ಜಾಗ

ಹಾಗಾದರೆ ಕೈಬಿಡುವುದೇ? ನನ್ನ ಉತ್ತರ ಬೇಡ ಎಂದೇ. ಆದರೆ ಕೆಲಸವನ್ನು ಆರಿಸಿಕೊಳ್ಳಬೇಕು. 1990ರ ದಶಕದಲ್ಲಿ ಅಮೆರಿಕದ ಅರ್ಥ್‌ಶೆಲ್ ಎಂಬ ಕಂಪನಿ ಪಿಷ್ಟ, ಸುಣ್ಣಕಲ್ಲಿನ ಪುಡಿ, ನಾರು ಬೆರೆಸಿ ಬರ್ಗರ್ ಡಬ್ಬ ಮಾಡಲು ಹೊರಟಿತ್ತು, ಮೆಕ್‌ಡೊನಾಲ್ಡ್ಸ್ ಅದನ್ನು ಪರೀಕ್ಷಿಸಿಯೂ ನೋಡಿತ್ತು. 2007ರಲ್ಲಿ ಅರ್ಥ್‌ಶೆಲ್ ದಿವಾಳಿ ಅರ್ಜಿ ಹಾಕಿತು. ಬಿಸಿ, ಎಣ್ಣೆ, ಹಬೆ ಮೂರೂ ಒಟ್ಟಿಗಿರುವ ಕಡೆ ಪಿಷ್ಟವನ್ನು ನಿಲ್ಲಿಸುವುದೆಂದರೆ ಅದರ ಎಲ್ಲ ದೌರ್ಬಲ್ಯಗಳನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದಂತೆ. ಅದೇ ವೇಳೆ ಪ್ಯಾಕಿಂಗ್ ತುಂಡುಗಳು ಸದ್ದಿಲ್ಲದೆ ಮಾರುಕಟ್ಟೆಯಲ್ಲಿ ನೆಲೆಯೂರಿದವು. ಡಬ್ಬದೊಳಗಿನ ಒಣ ಜಾಗ, ಕೆಲವು ವಾರಗಳ ಬದುಕು, ಕೆಲಸ ಮುಗಿದ ಮೇಲೆ ನೀರಿಗೆ ಹಾಕಿದರೆ ಆಯಿತು. ನೆದರ್‌ಲೆಂಡ್ಸ್‌ನ ಪೇಪರ್‌ಫೋಮ್ ಕಂಪನಿ ಪಿಷ್ಟ, ನಾರು, ನೀರು ಬೆರೆಸಿ ಅಚ್ಚಿನಲ್ಲಿ ತೆಗೆಯುವ ತೆಳು ಟ್ರೇಗಳು ಎಲೆಕ್ಟ್ರಾನಿಕ್ ಸಾಮಾನು, ಸೌಂದರ್ಯವರ್ಧಕಗಳ ಡಬ್ಬದೊಳಗೆ ಕೂರುತ್ತವೆ. ಅದೂ ಒಣ ಜಾಗವೇ. ಶೀತಲ ಪೆಟ್ಟಿಗೆಗಳಲ್ಲಿ ಶಾಖ ತಡೆಯಲು ಪಿಷ್ಟದ ಫೋಮಿನ ದಪ್ಪ ಹಾಸುಗಳನ್ನು ಬಳಸುತ್ತಾರೆ, ತೆಳು ಹಾಳೆಯೊಳಗೆ ಮುಚ್ಚಿ. ಹಾಳೆ ಬೇರೆ, ಫೋಮು ಬೇರೆಯಾಗಿ ಬಿಚ್ಚಿಕೊಳ್ಳುವಂತಿದ್ದರೆ ಮೂರನೆಯವನ ಕಾಟವಿಲ್ಲ. ಸಸಿ ಬೆಳೆಸುವ ಕುಂಡಗಳಿಗೂ ಇದು ಹೇಳಿಮಾಡಿಸಿದ್ದೆಂದು ನನಗೆ ತೋರುತ್ತದೆ. ಅಲ್ಲಿ ಮೆಲ್ಲಗೆ ಒದ್ದೆಯಾಗಿ ಕೊಳೆಯುವುದೇ ಕೆಲಸ, ನಾರು ಅದನ್ನು ಬೇಕಾದಷ್ಟು ದಿನ ಮಾತ್ರ ತಡೆದು ನಿಲ್ಲಿಸಿದರೆ ಸಾಕು.

ಸ್ಪರ್ಧಿಗಳೂ ಇದ್ದಾರೆ. ಹೊಟ್ಟು, ದಂಟಿನ ಚೂರುಗಳ ನಡುವೆ ಅಣಬೆಯ ಬೇರೆಳೆ ಬೆಳೆಸಿ ಗಟ್ಟಿ ಮಾಡುವ ವಿಧಾನಕ್ಕೆ ಪಿಷ್ಟವನ್ನು ಉಬ್ಬಿಸುವ ಗೊಡವೆಯಿಲ್ಲ. ಅಮೆರಿಕದ ಇಕೋವೇಟಿವ್ ಕಂಪನಿ 2007ರಿಂದ ಆ ಹಾದಿಯಲ್ಲಿದೆ. ಅದಕ್ಕೆ ಅಚ್ಚಿನಲ್ಲಿ ದಿನಗಳು ಬೇಕು, ಇದಕ್ಕೆ ನಿಮಿಷಗಳು. ಕಾಗದದ ತಿರುಳನ್ನು ಒತ್ತಿದ ಮೊಟ್ಟೆ ಟ್ರೇಯಂಥ ಹಳೆಯ ವಸ್ತುವಂತೂ ಅಗ್ಗದಲ್ಲಿ ಇಬ್ಬರನ್ನೂ ಸೋಲಿಸುತ್ತದೆ.

ಕೊನೆಯದಾಗಿ ಕಸದ ಮಾತು. ಪಿಷ್ಟದ ಫೋಮನ್ನು ಬೇರೆ ಕಸದೊಂದಿಗೆ ಗುಡ್ಡೆ ಹಾಕಿ ಮುಚ್ಚಿದರೆ ಗಾಳಿಯಿಲ್ಲದ ಕಡೆ ಅದು ಕೊಳೆತು ಮೀಥೇನ್ ಬಿಡುತ್ತದೆ. ಹವಾಮಾನದ ಲೆಕ್ಕದಲ್ಲಿ, ಅಲ್ಲಿ ಏನೂ ಆಗದೆ ಕೂತಿರುವ ಥರ್ಮಾಕೋಲಿಗಿಂತ ಆ ಗಳಿಗೆಗೆ ಇದೇ ಕೆಟ್ಟದ್ದು. ಕಾಂಪೋಸ್ಟ್ ವ್ಯವಸ್ಥೆಯಿಲ್ಲದೆ ಕಾಂಪೋಸ್ಟ್ ಆಗುವ ವಸ್ತುವಿನಿಂದ ಹೆಚ್ಚೇನೂ ಗಿಟ್ಟದು.

ವ್ಯವಸ್ಥೆ ಇದ್ದಲ್ಲಿ ಅಳತೆಗೋಲು ಇಎನ್ 13432 ಎಂಬ ಯುರೋಪಿನ ಮಾನದಂಡ. ಆರು ತಿಂಗಳೊಳಗೆ ವಸ್ತುವಿನ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರ ಕಾಂಪೋಸ್ಟಿನಲ್ಲಿಟ್ಟು 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿದರೆ ಮೇಲೆ ಉಳಿಯುವುದು ತೂಕದಲ್ಲಿ ಶೇ. 10 ದಾಟಬಾರದು. ರಾಸಾಯನಿಕವಾಗಿ ಬದಲಾಗದ ಮರದ ನಾರು, ಹತ್ತಿ, ಸೆಣಬು, ಪಿಷ್ಟಗಳಿಗೆ ಮೊದಲ ಪರೀಕ್ಷೆಯಿಂದ ಅದು ವಿನಾಯಿತಿ ಕೊಡುತ್ತದೆ, ಅವು ಕೊಳೆಯುತ್ತವೆಂಬುದು ಎಲ್ಲರಿಗೂ ಗೊತ್ತು ಎಂಬ ಕಾರಣಕ್ಕೆ. ಜರಡಿಯಿಂದ ಮಾತ್ರ ಯಾರಿಗೂ ವಿನಾಯಿತಿಯಿಲ್ಲ. ಹೊಟ್ಟು, ನಾರು ಬೆರೆತ ಟ್ರೇಯನ್ನು ಹೀಗೆ ಸೋಸಿದರೆ ಪಿಷ್ಟ ಮೊದಲ ವಾರಗಳಲ್ಲೇ ಹೋಗಿರುತ್ತದೆ. ಜರಡಿಯಲ್ಲಿ ಏನಾದರೂ ಸಿಕ್ಕರೆ ಅದು ತೆಂಗಿನ ನಾರಿನ ಒಂದೆರಡು ಕಪ್ಪು ಎಳೆ, ಹೊಟ್ಟಿನ ದೋಣಿಯಾಕಾರದ ಚೂರು. ಇಲ್ಲವೇ ಹೊಳೆಯುವ, ಮಡಚಿಕೊಂಡ, ತೆಳ್ಳಗಿನ ಹಾಳೆಯೊಂದು. ಮೊದಲಿನವೆರಡನ್ನು ತೆಗೆದು ಮತ್ತೆ ಮಣ್ಣಿಗೆ ಹಾಕಬಹುದು.